ಕಾಯಲು ಬರುವ ಸಂಗೀತ: ಟೇಬಲ್‌ಟಾಪ್ ಆಟಕ್ಕೆ ಹಿನ್ನೆಲೆಯಲ್ಲಿ ಏನು ಹಾಕಬೇಕು, ಯಾವಾಗ ನಿಲ್ಲಿಸಬೇಕು

ನಾಲ್ಕು ಜನ ಆಟಗಾರರು. ಅವರ ಪಾತ್ರಗಳು ಹಳೇ ಕೋಟೆಯೊಂದರ ನೆಲಮಾಳಿಗೆಯಲ್ಲಿ, ಕಬ್ಬಿಣದ ಬಾಗಿಲಿನ ಮುಂದೆ ನಿಂತಿದ್ದವು. ಬಾಗಿಲಿನ ಆಚೆ ಏನೋ ಉಸಿರಾಡುತ್ತಿತ್ತು. ಗೇಮ್ ಮಾಸ್ಟರ್ ಆಗಿದ್ದ ನಾನು ಮೊದಲೇ ಆರಿಸಿಟ್ಟಿದ್ದ ಟ್ರ್ಯಾಕ್ ಹಾಕಿದೆ. ಮೂರೂವರೆ ನಿಮಿಷದ್ದು. ಮೆಲ್ಲಗೆ ಶುರುವಾಗಿ, ಏರುತ್ತಾ ಹೋಗಿ, ಕೊನೆಗೆ ಡ್ರಮ್ಮು, ಕಹಳೆ ಎಲ್ಲ ಒಟ್ಟಿಗೆ ಅಬ್ಬರಿಸುವಂಥದ್ದು. ಡ್ರಮ್ ಬೀಳುವ ಹೊತ್ತಿಗೆ ಇವರು ಬಾಗಿಲು ತೆಗೆದಿರುತ್ತಾರೆ ಎನ್ನುವುದು ನನ್ನ ಲೆಕ್ಕ.

ಅವರು ತೆಗೆಯಲಿಲ್ಲ. ಒಬ್ಬರು ಬೀಗ ನೋಡಿದರು. ಒಬ್ಬರು ಬಾಗಿಲು ಕಿರುಗುಟ್ಟದ ಹಾಗೆ ಎಣ್ಣೆ ಹಾಕೋಣವಾ ಎಂದರು. ಇನ್ನೊಬ್ಬರು ವಾಪಸ್ ಹೋಗಿ ಬೇರೆ ದಾರಿ ಹುಡುಕೋಣ ಎಂದರು. ಡ್ರಮ್ ಬಂತು, ಕಹಳೆ ಬಂತು. ಆಗ ಮೇಜಿನ ಸುತ್ತ ನಡೆಯುತ್ತಿದ್ದ ಚರ್ಚೆ ನಮ್ಮ ಹತ್ತಿರ ಹಗ್ಗ ಎಷ್ಟು ಉದ್ದ ಇದೆ ಅನ್ನುವುದು. ಟ್ರ್ಯಾಕ್ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಅವರು ಬಾಗಿಲಿಗೆ ಕೈ ಹಚ್ಚುವಷ್ಟರಲ್ಲಿ ಅದು ಆರು ಸಲ ಮುಗಿದಿತ್ತು. ನಿಜವಾಗಿ ಎದೆ ಝಲ್ಲೆನ್ನಬೇಕಾದ ಆ ಗಳಿಗೆಯಲ್ಲಿ ಡ್ರಮ್ಮಿನ ಸದ್ದಿಗೆ ಯಾರೂ ತಲೆ ಎತ್ತಲಿಲ್ಲ.

ಹಿನ್ನೆಲೆ ಸಂಗೀತದ ಬಗ್ಗೆ ನಾನು ಕಲಿತದ್ದೆಲ್ಲ ಆ ಬಾಗಿಲಿನಿಂದಲೇ ಶುರುವಾಯಿತು. ಸಿನಿಮಾಕ್ಕೆ ಸಂಗೀತ ಮಾಡುವವರು ಎಡಿಟ್ ಆದ ದೃಶ್ಯವನ್ನು ಮುಂದೆ ಇಟ್ಟುಕೊಂಡಿರುತ್ತಾರೆ. ಬಾಗಿಲು ಎಷ್ಟನೇ ಸೆಕೆಂಡಿಗೆ ತೆರೆಯುತ್ತದೆ ಎಂದು ಅವರಿಗೆ ಗೊತ್ತು. ಮೇಜಿನ ಸುತ್ತ ಕೂತವರಲ್ಲಿ ಅದು ಯಾರಿಗೂ ಗೊತ್ತಿಲ್ಲ, ಗೇಮ್ ಮಾಸ್ಟರ್‌ಗೂ ಗೊತ್ತಿಲ್ಲ. ಹಾಗಾಗಿ ನಮಗೆ ಬೇಕಾದದ್ದು ಕಾಯಲು ಬರುವ ಸಂಗೀತ. ಯಾವ ಟ್ರ್ಯಾಕ್, ಎಷ್ಟು ವಾಲ್ಯೂಮ್, ಯಾವಾಗ ಬದಲಾಯಿಸಬೇಕು, ಯಾವಾಗ ನಿಲ್ಲಿಸಬೇಕು ಎನ್ನುವುದೆಲ್ಲ ಇದೊಂದನ್ನು ಒಪ್ಪಿಕೊಂಡರೆ ತಾನಾಗೇ ತಿಳಿಯಾಗುತ್ತದೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಅಂದರೆ ಮೂರು, ನಾಲ್ಕು, ಐದು ಜನ ಕೂತು ಮಾತಿನಲ್ಲೇ ಕಥೆ ಕಟ್ಟುವ ಆಟ. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಲೋಕ ಹೇಗಿದೆ, ಎದುರಾಳಿ ಏನು ಮಾಡಿದ ಎಂದು ಹೇಳುವವರು ಗೇಮ್ ಮಾಸ್ಟರ್, ಅಂದರೆ ಜಿಎಂ. ಫಲಿತಾಂಶ ಏನಾಗುತ್ತೋ ಗೊತ್ತಿಲ್ಲದ ಕಡೆ ದಾಳ ಉರುಳಿಸುತ್ತಾರೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಿಂದ ಈ ಬಗೆಯ ಆಟ ಎಲ್ಲೆಡೆ ಹರಡಿತು. ಬೋರ್ಡ್ ಇರಬಹುದು, ಬೊಂಬೆ ಇರಬಹುದು, ಇಲ್ಲದೆಯೂ ನಡೆಯುತ್ತದೆ. ಮಾತು ಇಲ್ಲದೆ ಮಾತ್ರ ನಡೆಯುವುದಿಲ್ಲ. ಸಂಗೀತದ ಬಗ್ಗೆ ಯೋಚಿಸುವಾಗ ಮರೆಯಬಾರದ ವಿಷಯ ಇದೇ. ಇಲ್ಲಿ ಹಿನ್ನೆಲೆ ಅಂದರೆ ಮಾತಿನ ಹಿನ್ನೆಲೆ.

ಕಿವಿಯ ಲೆಕ್ಕ

ಒಂದು ಮೀಟರ್ ದೂರದಲ್ಲಿ ಕೂತು ಸಹಜವಾಗಿ ಮಾತಾಡಿದರೆ ಸದ್ದು ಸುಮಾರು 60 ಡೆಸಿಬಲ್ ಇರುತ್ತದೆ. ಹಿನ್ನೆಲೆ ಅದಕ್ಕಿಂತ ಎಷ್ಟು ಕೆಳಗಿರಬೇಕು? ಅಂತರ್ಜಾಲ ಎಲ್ಲರಿಗೂ ಎಟುಕಬೇಕು ಎಂದು ಡಬ್ಲ್ಯೂ3ಸಿ ಸಂಸ್ಥೆ ಮಾಡಿದ ಮಾರ್ಗಸೂಚಿಯಲ್ಲಿ ಇದಕ್ಕೊಂದು ಅಂಕಿ ಇದೆ. ಧ್ವನಿಮುದ್ರಿಸಿದ ಮಾತಿನ ಹಿಂದೆ ಸದ್ದು ಇದ್ದರೆ ಅದು ಮಾತಿಗಿಂತ ಕನಿಷ್ಠ 20 ಡೆಸಿಬಲ್ ಕಡಿಮೆ ಇರಬೇಕು, ಅಂದರೆ ಕಿವಿಗೆ ಸುಮಾರು ನಾಲ್ಕನೇ ಒಂದು ಭಾಗದಷ್ಟು ಕೇಳಿಸಬೇಕು. ಇದು ಆ ಮಾರ್ಗಸೂಚಿಯ ಅತಿ ಕಟ್ಟುನಿಟ್ಟಿನ ಹಂತದ ನಿಯಮ. ನಮ್ಮ ಮೇಜಿಗೂ ಇದೇ ಸರಿಯಾದ ಗುರಿ ಎಂದು ನನಗೆ ಅನ್ನಿಸುತ್ತದೆ. ಜಿಎಂ ಹೇಳುವ ಒಂದು ಪದ ತಪ್ಪಿದರೆ ಕಥೆಯ ಸುಳಿವೇ ತಪ್ಪಬಹುದು.

ಸದ್ದು ಜಾಸ್ತಿಯಾದರೆ ಮಾತು ಕೇಳಿಸುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಎಲ್ಲ ಸದ್ದೂ ಒಂದೇ ಥರ ಅಡ್ಡ ಬರುವುದಿಲ್ಲ. ಹಳೇ ಟೆಲಿಫೋನ್ ಲೈನು ಸಾಗಿಸುತ್ತಿದ್ದದ್ದು ಸುಮಾರು 300ರಿಂದ 3400 ಹರ್ಟ್ಸ್ ವರೆಗಿನ ಸದ್ದನ್ನು ಮಾತ್ರ. ಮಾತು ಅರ್ಥವಾಗಲು ಅಷ್ಟು ಸಾಕಾಗುತ್ತಿತ್ತು. ಅಂದರೆ ಅದೇ ಜಾಗದಲ್ಲಿ ಬೇರೆ ಸದ್ದು ತುಂಬಿದರೆ ಮಾತಿಗೆ ಜಾಗ ಇರುವುದಿಲ್ಲ. ಪಿಟೀಲು, ಕೊಳಲು, ಎಲೆಕ್ಟ್ರಿಕ್ ಗಿಟಾರ್ ಎಲ್ಲ ಅಲ್ಲೇ ಬಂದು ಕೂರುತ್ತವೆ. ಕೆಳಸ್ಥಾಯಿಯಲ್ಲಿ ಗುಂಯ್ಗುಡುವ ಸಂಗೀತ ಮಾತಿನ ಅಡಿಯಲ್ಲಿ ಹರಿದು ಹೋಗುತ್ತದೆ, ತೊಂದರೆ ಕಡಿಮೆ. ಫೋನಿನ ಸ್ಪೀಕರ್‌ನಲ್ಲಿ ಹಾಕಿದ ಸಂಗೀತ ಕಿರಿಕಿರಿ ಅನ್ನಿಸುವುದಕ್ಕೂ ಇದೇ ಕಾರಣ. ಅಷ್ಟು ಚಿಕ್ಕ ಸ್ಪೀಕರ್ ಕೆಳಸ್ಥಾಯಿಯನ್ನು ನುಡಿಸಲಾರದು. ಉಳಿಯುವುದು ಮಾತಿನ ಜೊತೆ ಗುದ್ದಾಡುವ ಭಾಗ ಮಾತ್ರ. ನಿಮ್ಮ ಆ್ಯಪ್‌ನಲ್ಲಿ ಈಕ್ವಲೈಸರ್ (ಒಂದೊಂದು ಸ್ಥಾಯಿಯ ಸದ್ದನ್ನು ಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ) ಇದ್ದರೆ 1000ದಿಂದ 4000 ಹರ್ಟ್ಸ್ ವರೆಗಿನ ಪಟ್ಟಿಗಳನ್ನು ಸ್ವಲ್ಪ ಕೆಳಗೆ ಎಳೆದು ನೋಡಿ. ಸಂಗೀತ ಅಷ್ಟೇ ಇರುತ್ತದೆ, ಮಾತು ಮುಂದೆ ಬರುತ್ತದೆ.

ಮಳೆ, ಜಲಪಾತ, ಗಾಳಿಯ ಸದ್ದು ಹಾಕುವವರು ಒಂದು ವಿಷಯ ಗಮನಿಸಬೇಕು. ಇವು ಮೇಲಿಂದ ಕೆಳಗಿನವರೆಗೆ ಎಲ್ಲ ಸ್ಥಾಯಿಯಲ್ಲೂ ಹರಡಿರುತ್ತವೆ. ಸ, ಶ, ತ, ಫ ಇಂಥ ಅಕ್ಷರಗಳ ಸದ್ದನ್ನು ಮಳೆಯ ಸುಯ್ ಎನ್ನುವ ಸದ್ದು ನುಂಗಿಬಿಡುತ್ತದೆ. ಸಂಗೀತಕ್ಕಿಂತ ಮಳೆಯನ್ನು ಇನ್ನೂ ಒಂದು ಮೆಟ್ಟಿಲು ಕೆಳಗೆ ಇಡಿ.

ಮತ್ತೊಂದು ತೊಂದರೆ ನಮ್ಮ ಗಮನಕ್ಕೇ ಬರುವುದಿಲ್ಲ. ಸುತ್ತ ಸದ್ದು ಏರಿದರೆ ಮನುಷ್ಯರು ತಮಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾರೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ಇದರ ಬಗ್ಗೆ ಬರೆದಿದ್ದರು. ಅವರ ಹೆಸರಲ್ಲೇ ಇದನ್ನು ಲೊಂಬಾರ್ ಪರಿಣಾಮ ಎನ್ನುತ್ತಾರೆ. ಮೇಜಿನ ಸುತ್ತ ಏನಾಗುತ್ತದೆ ನೋಡಿ. ಸಂಗೀತಕ್ಕೆ ಜಿಎಂ ದನಿ ಏರುತ್ತದೆ, ಅದಕ್ಕೆ ಆಟಗಾರರ ದನಿ ಏರುತ್ತದೆ, ಈಗ ಸಂಗೀತ ಕೇಳಿಸುತ್ತಿಲ್ಲ ಎಂದು ಯಾರೋ ವಾಲ್ಯೂಮ್ ಏರಿಸುತ್ತಾರೆ. ಮೂರು ಗಂಟೆ ಕಳೆದ ಮೇಲೆ ಎಲ್ಲರಿಗೂ ಗಂಟಲು ಕೆರೆತ, ತಲೆ ಭಾರ. ಆಟದಿಂದ ದಣಿವಾಯಿತು ಅಂದುಕೊಳ್ಳುತ್ತಾರೆ. ಪಿಸುಮಾತಿನಲ್ಲಿ ಹೇಳಬೇಕಾದ ಸಾಲನ್ನು ಜಿಎಂ ಕೂಗಿ ಹೇಳಿದರೆ ಅದರ ಕಥೆ ಮುಗಿದ ಹಾಗೆ, ಅಲ್ವಾ?

ವಾಲ್ಯೂಮ್ ಹೊಂದಿಸಲು ನಾನು ಮಾಡುವುದು ಹೀಗೆ. ಸ್ಪೀಕರ್‌ಗೆ ಅತಿ ಹತ್ತಿರದ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಜಿಎಂ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿ, ನಾನು ಹಿಂದೆಂದೂ ಕೇಳದ ಒಂದು ಹೆಸರನ್ನು ಮೆಲ್ಲಗೆ ಹೇಳಲು ಹೇಳುತ್ತೇನೆ. ಕಥೆಯ ಊರಿನ ಹೆಸರೋ, ರಾಕ್ಷಸನ ಹೆಸರೋ ಆಗಬಹುದು. ಗೊತ್ತಿರುವ ಪದವಾದರೆ ಅರ್ಧ ಕೇಳಿಸಿದರೂ ಮಿದುಳು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಹೊಸ ಹೆಸರಿನಲ್ಲಿ ಆ ಸಹಾಯ ಇಲ್ಲ. ಹೆಸರು ಒಂದೇ ಸಲಕ್ಕೆ ಸರಿಯಾಗಿ ಕೇಳಿಸುವ ತನಕ ಇಳಿಸುತ್ತೇನೆ, ಆಮೇಲೆ ಇನ್ನೂ ಸ್ವಲ್ಪ ಇಳಿಸುತ್ತೇನೆ. ಎಲ್ಲರೂ ಸುಮ್ಮನಾದಾಗ ಸಂಗೀತ ಇದೆ ಎಂದು ಗೊತ್ತಾಗಬೇಕು. ಒಬ್ಬರು ಬಾಯಿ ತೆರೆದ ತಕ್ಷಣ ಅದು ಹಿಂದೆ ಸರಿಯಬೇಕು. ಮೊದಲ ಹತ್ತು ನಿಮಿಷ ಇದು ತೀರಾ ಕಡಿಮೆ ಅನ್ನಿಸುತ್ತದೆ. ತಾಳ್ಮೆ ಇರಲಿ, ಮುಟ್ಟಬೇಡಿ.

ಸ್ಪೀಕರ್ ಎಲ್ಲಿಡಬೇಕು ಅನ್ನುವುದೂ ಮುಖ್ಯ. ಮೇಜಿನ ಮೇಲೆ ಇಟ್ಟರೆ ಒಬ್ಬರ ಕಿವಿಯ ಹತ್ತಿರ ಜಾಸ್ತಿ, ಇನ್ನೊಬ್ಬರಿಗೆ ಏನೂ ಇಲ್ಲ. ಜಿಎಂ ಬೆನ್ನ ಹಿಂದೆ ಇಡುವುದು ಇನ್ನೊಂದು ತಪ್ಪು. 1953ರಲ್ಲಿ ಕಾಲಿನ್ ಚೆರ್ರಿ ಎಂಬ ವಿಜ್ಞಾನಿ, ಗದ್ದಲದಲ್ಲೂ ಒಬ್ಬರ ಮಾತನ್ನು ನಾವು ಹೇಗೆ ಹಿಡಿದುಕೊಳ್ಳುತ್ತೇವೆ ಎಂದು ಪರೀಕ್ಷೆ ಮಾಡಿದ್ದರು. ಆಮೇಲೆ ನಡೆದ ಎಷ್ಟೋ ಅಧ್ಯಯನಗಳಲ್ಲಿ ಗಟ್ಟಿಯಾದ ಒಂದು ಸಂಗತಿ ಏನೆಂದರೆ, ಮಾತು ಒಂದು ದಿಕ್ಕಿನಿಂದ, ಅಡ್ಡಿಯ ಸದ್ದು ಇನ್ನೊಂದು ದಿಕ್ಕಿನಿಂದ ಬಂದರೆ ಬೇರ್ಪಡಿಸುವುದು ಸುಲಭ. ಎರಡೂ ಒಂದೇ ಕಡೆಯಿಂದ ಬಂದರೆ ಕಷ್ಟ. ಆದ್ದರಿಂದ ಸ್ಪೀಕರನ್ನು ಪಕ್ಕದ ಗೋಡೆಯ ಕಡೆ, ಎಲ್ಲರಿಂದ ಹೆಚ್ಚುಕಮ್ಮಿ ಒಂದೇ ದೂರದಲ್ಲಿ, ಸ್ವಲ್ಪ ಎತ್ತರದಲ್ಲಿ ಇಡಿ.

ಹಾಡಿನ ಸಾಹಿತ್ಯ ಬೇಡ, ಏಕೆ?

ಪದಗಳಿರುವ ಹಾಡು ಬೇಡ ಎನ್ನುವುದನ್ನು ಎಲ್ಲ ಜಿಎಂಗಳೂ ಹೇಳುತ್ತಾರೆ. ಕಾರಣ ಕೇಳಿದರೆ ಗಮನ ಆ ಕಡೆ ಹೋಗುತ್ತದೆ ಎನ್ನುತ್ತಾರೆ. ನಿಜ, ಆದರೆ ವಿಷಯ ಅಷ್ಟಕ್ಕೇ ಮುಗಿಯುವುದಿಲ್ಲ. 1976ರಲ್ಲಿ ಕೋಲ್ ಮತ್ತು ವೆಲ್ಷ್ ಎಂಬ ಸಂಶೋಧಕರು ಜನರಿಗೆ ಅಕ್ಷರಗಳನ್ನು ತೋರಿಸಿ ನೆನಪಿಟ್ಟುಕೊಳ್ಳಲು ಹೇಳಿದರು. ಹಿನ್ನೆಲೆಯಲ್ಲಿ ಯಾರೋ ಓದುವ ದನಿ ಇತ್ತು. ಅದನ್ನು ಕೇಳಬೇಕಾದ ಅಗತ್ಯವೇ ಇರಲಿಲ್ಲ, ಮೇಲಾಗಿ ಓದುತ್ತಿದ್ದದ್ದು ಅವರಿಗೆ ಬಾರದ ಜರ್ಮನ್ ಭಾಷೆಯಲ್ಲಿ. ಆದರೂ ನೆನಪು ಹದಗೆಟ್ಟಿತು. ಸಲಾಮೆ ಮತ್ತು ಬ್ಯಾಡೆಲಿ 1989ರಲ್ಲಿ ಸಂಗೀತವನ್ನೇ ಇಟ್ಟು ನೋಡಿದರು. ಬರೀ ವಾದ್ಯಕ್ಕಿಂತ ಹಾಡುವ ದನಿ ಇರುವ ಸಂಗೀತ ನೆನಪನ್ನು ಜಾಸ್ತಿ ಕೆಡಿಸಿತು.

ಮೇಜಿನ ಸುತ್ತ ಕೂತವರು ಏನೆಲ್ಲ ತಲೆಯಲ್ಲಿ ಹಿಡಿದುಕೊಂಡಿರುತ್ತಾರೆ ಯೋಚಿಸಿ. ದಾಳದಲ್ಲಿ ಬಿದ್ದ ಸಂಖ್ಯೆ, ಅದಕ್ಕೆ ಕೂಡಿಸಬೇಕಾದ ಸಂಖ್ಯೆ, ತನ್ನ ಸರದಿ ಯಾರ ಆದ ಮೇಲೆ, ಎಡಗಡೆಯ ಕಾವಲುಗಾರನಿಗೆ ಎಷ್ಟು ಪೆಟ್ಟಾಗಿದೆ. ಇವನ್ನೆಲ್ಲ ಹಿಡಿದಿಡುವ ಜಾಗಕ್ಕೇ ಹಾಡಿನ ದನಿ ಬಂದು ಅಡ್ಡ ನಿಲ್ಲುತ್ತದೆ. ಅರ್ಥವಾಗದ ಭಾಷೆಯ ಹಾಡಾದರೆ ಪರವಾಗಿಲ್ಲ ಎನ್ನುವ ನಂಬಿಕೆ ಪೂರ್ತಿ ಸರಿಯಲ್ಲ. ತುಂಬಾ ಜನ ಒಟ್ಟಿಗೆ ಎಳೆದು ಹಾಡುವ, ಪದಗಳು ಬಿಡಿಯಾಗಿ ಕೇಳಿಸದ ಕೋರಸ್ ನಡೆಯುತ್ತದೆ. ಛತ್ರ, ಸಂತೆಯ ಗದ್ದಲವೂ ಹಾಗೆಯೇ. ಗುಜುಗುಜು ಅನ್ನಿಸಿದರೆ ಸರಿ. ಅದರೊಳಗೆ ಒಬ್ಬ ಏನು ಹೇಳಿದ ಎಂದು ಗೊತ್ತಾಗುವಂತಿದ್ದರೆ ಆ ಟ್ರ್ಯಾಕ್ ಬಿಟ್ಟುಬಿಡಿ.

ಆರಿಸುವುದು

ಕೇಳಲೇಬೇಕೆಂದಿಲ್ಲದ ಸಂಗೀತ ಎನ್ನುವ ಯೋಚನೆ ನಮ್ಮ ಆಟಕ್ಕಿಂತ ತುಂಬಾ ಹಳೆಯದು. ಫ್ರಾನ್ಸಿನ ಸಂಗೀತಗಾರ ಎರಿಕ್ ಸಾಟಿ 1917ರಲ್ಲೇ ಪೀಠೋಪಕರಣ ಸಂಗೀತ ಎಂದು ಹೆಸರಿಟ್ಟು ಕೆಲವು ತುಣುಕು ಬರೆದರು. ಕುರ್ಚಿ, ಮೇಜು ಇದ್ದ ಹಾಗೆ ಸಂಗೀತವೂ ಕೋಣೆಯಲ್ಲಿ ಇರಲಿ ಎನ್ನುವುದು ಆಸೆ. 1920ರಲ್ಲಿ ಪ್ಯಾರಿಸ್‌ನಲ್ಲಿ ನುಡಿಸಿದಾಗ ಜನ ಮಾತು ನಿಲ್ಲಿಸಿ ಕೇಳತೊಡಗಿದರು, ಸಾಟಿಯೇ ಅವರನ್ನು ಮಾತಾಡಿ, ಓಡಾಡಿ ಎಂದು ಒತ್ತಾಯಿಸಬೇಕಾಯಿತು. 1978ರಲ್ಲಿ ಬ್ರಯಾನ್ ಈನೋ ವಿಮಾನ ನಿಲ್ದಾಣಗಳಿಗೆಂದು ಮಾಡಿದ ಆಲ್ಬಮ್‌ನಿಂದ ಆ್ಯಂಬಿಯೆಂಟ್ ಎನ್ನುವ ಹೆಸರು ಬಳಕೆಗೆ ಬಂತು. ಇಂದು ಆಟದ ಮೇಜಿಗೆ ನಾವು ಹುಡುಕುವುದು ಬಹುಪಾಲು ಈ ಜಾತಿಯ ಸಂಗೀತವನ್ನೇ.

ನನ್ನ ಅನುಭವದಲ್ಲಿ ಸಿನಿಮಾ ಸಂಗೀತಕ್ಕಿಂತ ವಿಡಿಯೋ ಗೇಮ್ ಸಂಗೀತ ಹತ್ತು ಪಾಲು ವಾಸಿ. ಕಾರಣ ಸರಳ. ಅವರಿಗೂ ನಮ್ಮದೇ ಕಷ್ಟ. ಆಡುವವರು ಕಾಡಿನಲ್ಲಿ ಎರಡು ನಿಮಿಷ ಇರುತ್ತಾರೋ ಎರಡು ಗಂಟೆ ಇರುತ್ತಾರೋ ಸಂಗೀತ ಬರೆಯುವವರಿಗೆ ಗೊತ್ತಿಲ್ಲ. ಹಾಗಾಗಿ ಕೊನೆ ಮತ್ತು ಮೊದಲು ಒಂದಕ್ಕೊಂದು ಬೆಸೆಯುವಂತೆ ಬರೆಯುತ್ತಾರೆ. ಲೂಕಸ್‌ಆರ್ಟ್ಸ್ ಕಂಪನಿಯ ಮೈಕಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನಲ್ ಐಮ್ಯೂಸ್ ಎಂಬ ವ್ಯವಸ್ಥೆ ಕಟ್ಟಿ, 1991ರ ಒಂದು ಆಟದಲ್ಲಿ ಮೊದಲ ಸಲ ಬಳಸಿದರು. ಆಟಗಾರ ಜಾಗ ಬದಲಿಸಿದಾಗ ಸಂಗೀತ ತುಂಡಾಗದೆ ಹೊಸ ಜಾಗದ ಸಂಗೀತಕ್ಕೆ ಜಾರಿಕೊಳ್ಳುತ್ತಿತ್ತು. ಮೇಜಿನ ಸುತ್ತ ಅಂಥ ವ್ಯವಸ್ಥೆಯ ಕೆಲಸ ಮಾಡುವುದು ಜಿಎಂನ ಬೆರಳು.

ಮೇಜಿಗೆಂದೇ ಮಾಡಿದ ಸಂಗೀತವೂ ಇದೆ. ಮಿಡ್‌ನೈಟ್ ಸಿಂಡಿಕೇಟ್ ಎಂಬ ತಂಡ 2003ರಲ್ಲಿ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ಗೆ ಅಧಿಕೃತ ಆಲ್ಬಮ್ ತಂದಿತ್ತು. ಟೇಬಲ್‌ಟಾಪ್ ಆಡಿಯೋ ಎಂಬ ತಾಣದಲ್ಲಿ ಹತ್ತತ್ತು ನಿಮಿಷದ ಟ್ರ್ಯಾಕ್‌ಗಳಿವೆ. ಸಿರಿನ್‌ಸ್ಕೇಪ್ ಎಂಬ ಆ್ಯಪ್‌ನಲ್ಲಿ ಮಳೆ, ಹೆಜ್ಜೆ, ಸಂಗೀತ ಎಲ್ಲವನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು.

ಟ್ರ್ಯಾಕ್ ಒಂದು ಕಾಯುತ್ತದೋ ಇಲ್ಲವೋ ಎಂದು ತಿಳಿಯಲು ಅದರ ನಡುವಿನ ಯಾವುದಾದರೂ ಜಾಗಕ್ಕೆ ಹೋಗಿ ಕೇಳಿ. ಆಮೇಲೆ ಇನ್ನೊಂದು ಜಾಗಕ್ಕೆ ಹೋಗಿ. ಎರಡೂ ಕಡೆ ಒಂದೇ ಭಾವ ಇದ್ದರೆ ಇಟ್ಟುಕೊಳ್ಳಿ. ಒಂದು ಕಡೆ ನಿಶ್ಶಬ್ದ, ಇನ್ನೊಂದು ಕಡೆ ಅಬ್ಬರ ಇದ್ದರೆ ಅದು ತನ್ನದೇ ಕಥೆ ಹೇಳಿಕೊಂಡು ಹೋಗುವ ಟ್ರ್ಯಾಕ್. ಚೆನ್ನಾಗಿದ್ದರೂ ನಮಗಲ್ಲ. ಎಲ್ಲರಿಗೂ ಗೊತ್ತಿರುವ ಸಿನಿಮಾದ ಥೀಮ್ ಕೂಡ ಬೇಡ. ಅದು ಬಂದ ಕೂಡಲೇ ಎಲ್ಲರ ಕಣ್ಣ ಮುಂದೆ ಆ ಸಿನಿಮಾದ ನಾಯಕ ಬರುತ್ತಾನೆ, ಅವರೇ ಕಟ್ಟಿಕೊಂಡ ಪಾತ್ರ ಹಿಂದೆ ಉಳಿಯುತ್ತದೆ.

ಎಷ್ಟು ಪ್ಲೇಲಿಸ್ಟ್ ಬೇಕು? ನಾನು ಶುರುವಿನಲ್ಲಿ ಮೂವತ್ತು ಮಾಡಿಟ್ಟಿದ್ದೆ. ಕಾಡು, ಮಂಜಿನ ಕಾಡು, ರಾತ್ರಿಯ ಕಾಡು, ಹೀಗೆ. ಆಟದ ನಡುವೆ ಹುಡುಕುವುದರಲ್ಲೇ ದೃಶ್ಯ ಮುಗಿದಿರುತ್ತಿತ್ತು. ಈಗ ಐದೇ ಇವೆ. ನೆಮ್ಮದಿ, ಪಯಣ, ಗುಮಾನಿ, ಹೊಡೆದಾಟ, ದುಃಖ. ಜಾಗದ ಹೆಸರಿನಲ್ಲಿ ಇಡದೆ ಭಾವದ ಹೆಸರಿನಲ್ಲಿ ಇಟ್ಟಿದ್ದೇನೆ. ಕಾಡಿನಲ್ಲಿ ನೆಮ್ಮದಿಯೂ ಇರಬಹುದು, ಗುಮಾನಿಯೂ ಇರಬಹುದು. ಆ ಗಳಿಗೆಯಲ್ಲಿ ಜಿಎಂಗೆ ಬೇಕಾಗಿರುವುದು ಎರಡರಲ್ಲಿ ಯಾವುದು ಎನ್ನುವುದಷ್ಟೇ.

ಸಂಗೀತವೂ ಮಾತಾಡುತ್ತದೆ

ಒಂದು ಸೆಷನ್‌ನಲ್ಲಿ ನನ್ನ ಆಟಗಾರರು ದಾರಿಬದಿಯ ಛತ್ರಕ್ಕೆ ಬಂದರು. ಛತ್ರದ ಯಜಮಾನನ ಮಗಳು ಆ ವಾರ ತೀರಿಹೋಗಿದ್ದಳು. ಅವನು ಮಾತಾಡಲಾರದ ದುಃಖದಲ್ಲಿದ್ದ. ನಾನು ನೆಮ್ಮದಿಯ ಟ್ರ್ಯಾಕ್‌ನಿಂದ ಒಂದು ಮಂಕು ಟ್ರ್ಯಾಕ್‌ಗೆ ಬದಲಾಯಿಸಿ, ಆಮೇಲೆ ಅವನನ್ನು ವರ್ಣಿಸತೊಡಗಿದೆ. ಎರಡನೇ ವಾಕ್ಯ ಮುಗಿಯುವ ಮೊದಲೇ ಒಬ್ಬರು, ನನ್ನ ಕೈ ಕತ್ತಿಯ ಹಿಡಿಯ ಮೇಲಿದೆ ಎಂದರು. ಇನ್ನೊಬ್ಬರು ಹಿಂಬಾಗಿಲ ಕಡೆ ಸರಿದರು. ಆ ಬಡಪಾಯಿಯ ದುಃಖ ಕೇಳುವವರು ಯಾರೂ ಇರಲಿಲ್ಲ. ಅವರ ತಪ್ಪೇನೂ ಇಲ್ಲ. ಜಿಎಂ ಸುಮ್ನೆ ಸಂಗೀತ ಬದಲಿಸುವುದಿಲ್ಲ ಎಂದು ಅವರಿಗೆ ಗೊತ್ತು. ಬದಲಾಯಿಸಿದರೆ ಏನೋ ಇದೆ ಎಂದೇ ಅರ್ಥ.

ಅಂದಿನಿಂದ ನಾನು ಪಾಲಿಸುವ ಕ್ರಮ ಒಂದೇ. ಪಾತ್ರಗಳಿಗೆ ಗೊತ್ತಾದ ಮೇಲೆ ಸಂಗೀತ ಬದಲಾಗಬೇಕು, ಮೊದಲಲ್ಲ. ಹೊಂಚು ಹಾಕಿದವರು ಪೊದೆಯಿಂದ ಹೊರಗೆ ಹಾರಿದ ಮೇಲೆ ಹೊಡೆದಾಟದ ಟ್ರ್ಯಾಕ್. ಹಾರುವ ಮೊದಲು ಹಾಕಿದರೆ ದಾಳ ಉರುಳಿಸಿ ಗೊತ್ತುಮಾಡಿಕೊಳ್ಳಬೇಕಾದ ವಿಷಯವನ್ನು ಸ್ಪೀಕರ್ ಪುಕ್ಕಟೆಯಾಗಿ ಹೇಳಿಬಿಡುತ್ತದೆ. ಆಟಗಾರರಿಗೆ ಬೇಕೆಂದೇ ಮುನ್ಸೂಚನೆ ಕೊಡುವುದಾದರೆ ಅದು ಬೇರೆ ಮಾತು. ಭಯದ ಕಥೆಗಳಲ್ಲಿ ಅದೇ ಸೊಗಸು.

ಹೊಡೆದಾಟದ ಸಂಗೀತಕ್ಕೆ ಇನ್ನೊಂದು ಪೇಚಿದೆ. ಈಗಿನ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನಲ್ಲಿ ಒಂದು ಸುತ್ತು ಅಂದರೆ ಕಥೆಯೊಳಗೆ ಸುಮಾರು 6 ಸೆಕೆಂಡ್. ಐದು ಸುತ್ತಿನ ಜಗಳ ಕಥೆಯಲ್ಲಿ ಅರ್ಧ ನಿಮಿಷ. ಮೇಜಿನ ಸುತ್ತ ಅದಕ್ಕೆ ಒಂದು ಗಂಟೆ ಹಿಡಿಯಬಹುದು. ಅಷ್ಟು ಹೊತ್ತು ಎದೆ ಬಡಿಯುವ ಸಂಗೀತ ಕೇಳಿದರೆ ಯಾರ ಎದೆಯೂ ಬಡಿಯುವುದಿಲ್ಲ. ಒಂದೇ ಸಮನೆ ಇರುವ ಸದ್ದನ್ನು ಮಿದುಳು ಕೈಬಿಡುತ್ತದೆ. ಹಾಗಾಗಿ ಜೋರಿನ ಟ್ರ್ಯಾಕ್ ಮೊದಲ ಸುತ್ತಿಗೆ ಮಾತ್ರ ಇಡುತ್ತೇನೆ. ಆಮೇಲೆ ಅದನ್ನು ಇಳಿಸಿ, ತಗ್ಗು ದನಿಯಲ್ಲಿ ನಾಡಿಯಂತೆ ಮಿಡಿಯುವ ಒಂದು ಟ್ರ್ಯಾಕ್‌ಗೆ ಹೋಗುತ್ತೇನೆ. ಲೆಕ್ಕ ಹಾಕುವವರು ನೆಮ್ಮದಿಯಾಗಿ ಲೆಕ್ಕ ಹಾಕಲಿ. ಎದುರಾಳಿ ಇನ್ನೊಂದು ಪೆಟ್ಟಿಗೆ ಬೀಳುತ್ತಾನೆ ಅಥವಾ ನಮ್ಮವರೊಬ್ಬರು ನೆಲಕ್ಕೆ ಬಿದ್ದರು ಎಂದಾಗ ಮತ್ತೆ ಜೋರಿನದು.

ಒಂದು ಪಾತ್ರಕ್ಕೆ ಒಂದು ರಾಗ ಕಟ್ಟಿಹಾಕುವುದು ತುಂಬಾ ಶಕ್ತಿಯ ಉಪಾಯ, ಆದರೆ ನಿಧಾನ ಬೇಕು. ನಮ್ಮ ಒಂದು ಕ್ಯಾಂಪೇನ್‌ನ, ಅಂದರೆ ಹಲವು ಸೆಷನ್‌ಗಳ ಉದ್ದಕ್ಕೂ ಸಾಗುವ ಕಥೆಯ, ಖಳನಾಯಕಿಗೆ ಪಿಯಾನೋದ ನಾಲ್ಕು ಸ್ವರದ ಒಂದು ತುಣುಕು ಇಟ್ಟಿದ್ದೆ. ಮೊದಲ ಸಲ ಆಕೆ ಬಂದು ಮಾತಾಡಿ ಹೋದ ಮೇಲೆ ನುಡಿಸಿದೆ. ಯಾರೂ ಗಮನಿಸಲಿಲ್ಲ. ಎರಡು ಸೆಷನ್ ಆದ ಮೇಲೆ ಆಕೆ ಪತ್ರ ಕಳಿಸಿದಾಗ ಮತ್ತೆ ನುಡಿಸಿದೆ. ಬೇರೆ ಯಾವ ಜಾಗದಲ್ಲೂ ಅದನ್ನು ಬಳಸಲಿಲ್ಲ. ಎಂಟನೇ ಸೆಷನ್‌ನಲ್ಲಿ ಊರಿನ ಹಬ್ಬ ನಡೆಯುತ್ತಿತ್ತು, ಎಲ್ಲರೂ ನಗುತ್ತಿದ್ದರು. ನಾನು ಏನೂ ಹೇಳದೆ ಆ ನಾಲ್ಕು ಸ್ವರ ಹಾಕಿದೆ. ಒಬ್ಬರ ಮಾತು ಅರ್ಧಕ್ಕೇ ನಿಂತಿತು. ದಾಳ ಆಡಿಸುತ್ತಿದ್ದ ಕೈ ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ಆಕೆ ಜನರ ನಡುವೆ ಇದ್ದಾಳೆ ಎಂದು ನಾನು ವರ್ಣಿಸುವ ಅಗತ್ಯವೇ ಬೀಳಲಿಲ್ಲ. ಇಂಥ ರಾಗ ಒಂದು ಕ್ಯಾಂಪೇನ್‌ಗೆ ಎರಡು, ಹೆಚ್ಚೆಂದರೆ ಮೂರು ಸಾಕು. ಹತ್ತು ಇಟ್ಟರೆ ಯಾವುದೂ ನೆನಪಲ್ಲಿ ನಿಲ್ಲುವುದಿಲ್ಲ.

ಸದ್ದನ್ನೇ ನಿಯಮವಾಗಿ ಇಟ್ಟುಕೊಂಡ ಆಟಗಳೂ ಇವೆ. 2015ರ ಟೆನ್ ಕ್ಯಾಂಡಲ್ಸ್ ಮೇಣದಬತ್ತಿಯ ಬೆಳಕಿನಲ್ಲಿ ಆಡುವ ಆಟ. ಶುರುವಿನಲ್ಲೇ ಪ್ರತಿಯೊಬ್ಬರೂ ತಮ್ಮ ಪಾತ್ರದ ದನಿಯಲ್ಲಿ ಒಂದು ಸಂದೇಶ ರೆಕಾರ್ಡ್ ಮಾಡುತ್ತಾರೆ. ಕೊನೆಯಲ್ಲಿ, ಬತ್ತಿಗಳೆಲ್ಲ ಆರಿ, ಪಾತ್ರಗಳೆಲ್ಲ ಸತ್ತ ಮೇಲೆ, ಕತ್ತಲಲ್ಲಿ ಕೂತು ಅದನ್ನು ಕೇಳುತ್ತಾರೆ. ಅಲ್ಲಿ ಸಂಗೀತವೇ ಬೇಡ.

ನಿಲ್ಲಿಸುವುದು

ಫ್ರಿಜ್ ಗುಂಯ್ಗುಡುತ್ತಿದ್ದದ್ದು ನಮಗೆ ಗೊತ್ತಾಗುವುದು ಅದು ನಿಂತಾಗ. ಹಿನ್ನೆಲೆ ಸಂಗೀತವೂ ಹಾಗೆ. ಒಂದು ಗಂಟೆ ಮೆಲ್ಲಗೆ ಹರಿದ ಸದ್ದನ್ನು ಯಾರೂ ಕೇಳುತ್ತಿರುವುದಿಲ್ಲ. ಅದು ನಿಂತ ಗಳಿಗೆಯನ್ನು ಎಲ್ಲರೂ ಕೇಳುತ್ತಾರೆ. ಹೀಗಾಗಿ ಜಿಎಂ ಕೈಯಲ್ಲಿರುವ ಅತಿ ಜೋರಿನ ಟ್ರ್ಯಾಕ್ ಅಂದರೆ ಪಾಜ್ ಬಟನ್.

ಎರಡು ಥರ ನಿಲ್ಲಿಸಬಹುದು. ಐದಾರು ಸೆಕೆಂಡಿನಲ್ಲಿ ಮೆಲ್ಲಗೆ ಇಳಿಸಿದರೆ ಜನ ತಮಗೆ ಗೊತ್ತಿಲ್ಲದೆ ಮುಂದಕ್ಕೆ ಬಾಗುತ್ತಾರೆ. ಯಾರೋ ಗುಟ್ಟು ಬಿಚ್ಚಿಡುವಾಗ, ಇಬ್ಬರು ಪಾತ್ರಗಳು ಮನಸ್ಸು ಬಿಚ್ಚಿ ಮಾತಾಡುವಾಗ ಇದು ಸರಿ. ತಟ್ಟನೆ ಕಡಿದರೆ ಬೆಚ್ಚಿಬೀಳುತ್ತಾರೆ. ಪಾತ್ರವೊಂದು ಸತ್ತಾಗ, ದೀಪ ಆರಿದಾಗ ಅದು ಸರಿ. ಒಂದು ಸೆಷನ್‌ನಲ್ಲಿ ಎರಡು ಸಲಕ್ಕಿಂತ ಜಾಸ್ತಿ ಕಡಿಯಬೇಡಿ, ಅದರ ಮೊನೆ ಹೋಗುತ್ತದೆ.

ಆಟಗಾರರು ಚೆನ್ನಾಗಿ ನಟಿಸುತ್ತಿರುವಾಗ ಜಿಎಂಗೆ ಅದಕ್ಕೊಪ್ಪುವ ಸಂಗೀತ ಹಾಕುವ ಆಸೆಯಾಗುತ್ತದೆ. ತಡೆದುಕೊಳ್ಳಿ. ಅಣ್ಣನನ್ನು ಕಳೆದುಕೊಂಡ ಪಾತ್ರವೊಂದು ನಡುಗುವ ದನಿಯಲ್ಲಿ ಮಾತಾಡುತ್ತಿದ್ದಾಗ ನಾನು ದುಃಖದ ಟ್ರ್ಯಾಕ್ ಹಾಕಿದ್ದೆ. ಆ ಆಟಗಾರ ಮಾತು ನಿಲ್ಲಿಸಿ ಸ್ಪೀಕರ್ ಕಡೆ ನೋಡಿದರು. ಮತ್ತೆ ಆ ದನಿ ಬರಲಿಲ್ಲ.

ಕೈಯ ಕೆಲಸ

ಜಿಎಂಗೆ ಮೊದಲೇ ಕೈತುಂಬ ಕೆಲಸ. ಟಿಪ್ಪಣಿ, ದಾಳ, ನಾಲ್ಕು ಜನರ ಪ್ರಶ್ನೆ. ಸಂಗೀತ ಒಂದೇ ಬೆರಳಿನಲ್ಲಿ ಬದಲಾಗುವಂತಿರಬೇಕು, ಕಣ್ಣು ಆಟಗಾರರ ಮೇಲೇ ಇರಬೇಕು. ಸಂಗೀತಕ್ಕೆ ಹಳೇ ಫೋನು ಅಥವಾ ಟ್ಯಾಬ್ಲೆಟ್ ಬೇರೆಯೇ ಇದ್ದರೆ ಒಳ್ಳೆಯದು. ಅದರಲ್ಲಿ ನೋಟಿಫಿಕೇಶನ್ ಬಂದ್ ಮಾಡಿ. ಟ್ರ್ಯಾಕ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಸಮಾಧಿಯೊಳಗೆ ಇಳಿಯುತ್ತಿರುವಾಗ ಜಾಹೀರಾತು ಶುರುವಾದರೆ ಆ ಸಂಜೆಯ ಭಯ ಮತ್ತೆ ಕಟ್ಟಲು ಆಗುವುದಿಲ್ಲ. ಟ್ರ್ಯಾಕ್‌ಗಳ ನಡುವೆ ಬೆಸುಗೆಗೆ, ಒಂದು ಇಳಿಯುತ್ತಾ ಇನ್ನೊಂದು ಏರುವ ಕ್ರಾಸ್‌ಫೇಡ್ ಇರುತ್ತದೆ. ಸ್ಪಾಟಿಫೈನಲ್ಲಿ ಅದನ್ನು 12 ಸೆಕೆಂಡ್ ವರೆಗೆ ಏರಿಸಬಹುದು. ಆಟಗಾರರಲ್ಲಿ ಸಂಗೀತದ ಹುಚ್ಚಿನವರು ಇದ್ದರೆ ಕೆಲಸ ಅವರಿಗೇ ಕೊಡಿ. ನಮ್ಮಲ್ಲಿ ಅದು ನಾನು ಮಾಡುವುದಕ್ಕಿಂತ ಚೆನ್ನಾಗಿ ನಡೆದ ಸೆಷನ್‌ಗಳು ಎಷ್ಟೋ ಇವೆ.

ಆನ್‌ಲೈನ್‌ನಲ್ಲಿ ಆಡುವವರು ಸ್ಪೀಕರ್‌ನ ಸಂಗೀತವನ್ನು ಮೈಕ್ ಮೂಲಕ ಕಳಿಸಲು ಹೋಗಬೇಡಿ. ಡಿಸ್ಕಾರ್ಡ್‌ನಂಥ ಆ್ಯಪ್‌ಗಳಲ್ಲಿ ಗದ್ದಲ ಅಳಿಸುವ ಸೌಲಭ್ಯ ಇರುತ್ತದೆ. ಅದು ಸಂಗೀತವನ್ನೂ ಗದ್ದಲ ಎಂದೇ ತಿಳಿದು ತುಂಡು ತುಂಡು ಮಾಡುತ್ತದೆ. ಹಿಂದೆ ಡಿಸ್ಕಾರ್ಡ್‌ನಲ್ಲಿ ಗ್ರೂವಿ, ರಿದಮ್ ಎಂಬ ಬಾಟ್‌ಗಳು (ತಾವಾಗೇ ಕೆಲಸ ಮಾಡುವ ಪ್ರೋಗ್ರಾಂಗಳು) ಯೂಟ್ಯೂಬ್‌ನಿಂದ ಹಾಡು ತಂದು ನುಡಿಸುತ್ತಿದ್ದವು. 2021ರಲ್ಲಿ ಯೂಟ್ಯೂಬ್ ಆಕ್ಷೇಪ ಎತ್ತಿದ ಮೇಲೆ ಎರಡೂ ಮುಚ್ಚಿದವು. ಈ ಆಟವನ್ನು ಆನ್‌ಲೈನ್‌ನಲ್ಲಿ ಆಡಲೆಂದೇ ಇರುವ ರೋಲ್20, ಫೌಂಡ್ರಿಯಂಥ ವೇದಿಕೆಗಳಲ್ಲಿ ಪ್ಲೇಲಿಸ್ಟ್ ಒಳಗೇ ಇದೆ. ಅಲ್ಲಿ ಪ್ರತಿಯೊಬ್ಬ ಆಟಗಾರನೂ ತನ್ನ ಕಡೆಯ ಸಂಗೀತವನ್ನು ತಾನೇ ಏರಿಸಿ ಇಳಿಸಿಕೊಳ್ಳಬಹುದು. ಒಂದೇ ಕೋಣೆಯಲ್ಲಿ ಕೂತವರಿಗೆ ಈ ಭಾಗ್ಯ ಇಲ್ಲ.

ಮನೆಯಲ್ಲಿ ಗೆಳೆಯರು ಸೇರಿ ಆಡುವಾಗ ಯಾವ ಸಂಗೀತ ಹಾಕಿದರೂ ತಲೆಕೆಡಿಸಿಕೊಳ್ಳಬೇಕಿಲ್ಲ. ಆಟವನ್ನು ಲೈವ್ ಮಾಡುವುದಾದರೆ ಮಾತ್ರ ಹಕ್ಕಿನ ಪ್ರಶ್ನೆ ಬರುತ್ತದೆ. ತಿಂಗಳ ಚಂದಾ ಕಟ್ಟಿದ್ದು ನೀವು ಕೇಳುವುದಕ್ಕೆ, ಊರಿಗೆಲ್ಲ ಕೇಳಿಸುವುದಕ್ಕಲ್ಲ. 2020ರಲ್ಲಿ ಟ್ವಿಚ್‌ನಲ್ಲಿ ಲೈವ್ ಮಾಡುತ್ತಿದ್ದ ಎಷ್ಟೋ ಜನ ಇದೇ ಕಾರಣಕ್ಕೆ ಹಳೇ ವಿಡಿಯೋಗಳನ್ನು ಕಳೆದುಕೊಂಡರು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ, ಅಂದರೆ ಮಾಡಿದವರೇ ಕೆಲವು ಶರತ್ತಿನ ಮೇಲೆ ಎಲ್ಲರಿಗೂ ಬಳಸಲು ಬಿಟ್ಟ ಸಂಗೀತ ಬಳಸಿ, ಶರತ್ತು ಓದಿ, ಮಾಡಿದವರ ಹೆಸರು ಹಾಕಿ.

ಯಾರಿಗೆ ಕೇಳಿಸುತ್ತಿಲ್ಲ?

ನಮ್ಮ ಗುಂಪಿನಲ್ಲಿ ಒಬ್ಬ ಆಟಗಾರ್ತಿ ಇದ್ದರು. ಇಬ್ಬರೇ ಕೂತು ಮಾತಾಡುವಾಗ ಅವರಷ್ಟು ಚುರುಕು ಯಾರೂ ಇಲ್ಲ. ಮೇಜಿಗೆ ಬಂದರೆ ಮೌನ. ಕೇಳಿದ್ದನ್ನೇ ಕೇಳುತ್ತಿದ್ದರು, ಆಮೇಲೆ ಕೇಳುವುದನ್ನೂ ಬಿಟ್ಟರು. ಆಟ ಇಷ್ಟವಾಗುತ್ತಿಲ್ಲ ಅಂದುಕೊಂಡೆ. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಹೊರಡುವಾಗ ಹೇಳಿದರು: "ನನಗೆ ಎಡಗಿವಿ ಸರಿಯಾಗಿ ಕೇಳಿಸಲ್ಲ. ಸಂಗೀತ ಇದ್ದಾಗ ಯಾರು ಏನು ಹೇಳಿದರು ಅಂತ ಊಹೆ ಮಾಡ್ತಾ ಕೂತಿರ್ತೀನಿ. ಎಲ್ಲರಿಗೂ ಇಷ್ಟ ಅಲ್ವಾ, ಅದಕ್ಕೇ ಹೇಳಲಿಲ್ಲ."

ಆ ನಾಲ್ಕು ತಿಂಗಳು ನನಗೆ ಇವತ್ತಿಗೂ ಚುಚ್ಚುತ್ತದೆ. ಒಂದು ಕಿವಿ ಮಾತ್ರ ಕೇಳಿಸುವವರಿಗೆ ದಿಕ್ಕು ತಿಳಿದು ಮಾತನ್ನು ಬೇರ್ಪಡಿಸುವುದು ಕಷ್ಟ. ಶ್ರವಣ ಸಾಧನ ಹಾಕಿಕೊಂಡವರಿಗೆ ಮಾತಿನ ಜೊತೆ ಸಂಗೀತವೂ ದೊಡ್ಡದಾಗಿಯೇ ಕೇಳಿಸುತ್ತದೆ. ಗಮನ ಚದುರುವ ತೊಂದರೆ ಇರುವವರು, ಕೆಲವು ಸದ್ದು ಸಹಿಸಲಾಗದವರು ಇರುತ್ತಾರೆ. ಆಟ ನಡೆಯುವ ಭಾಷೆ ಯಾರಿಗೋ ಎರಡನೇ ಭಾಷೆ ಆಗಿದ್ದರೆ ಗದ್ದಲದಲ್ಲಿ ಅವರಿಗೆ ಮಿಕ್ಕವರಿಗಿಂತ ಬೇಗ ಮಾತು ತಪ್ಪುತ್ತದೆ. ಇವರಲ್ಲಿ ತಾವಾಗಿ ಹೇಳುವವರು ಕಡಿಮೆ. ಆದ್ದರಿಂದ ಕ್ಯಾಂಪೇನ್ ಶುರುವಾಗುವ ಮೊದಲು ಜಿಎಂ ಕೇಳಬೇಕು, ಅದೂ ಒಬ್ಬೊಬ್ಬರನ್ನೇ ಬೇರೆಯಾಗಿ. ಎಲ್ಲರ ಮುಂದೆ ಕೇಳಿದರೆ ಪರವಾಗಿಲ್ಲ ಎಂದೇ ಉತ್ತರ ಬರುತ್ತದೆ.

ಈಗ ಅವರು ನನ್ನ ಎದುರಿಗೆ, ಬಲಗಿವಿ ಮೇಜಿನ ಕಡೆಗಿರುವ ಹಾಗೆ ಕೂರುತ್ತಾರೆ. ಸ್ಪೀಕರ್ ಅವರ ಎಡಗಡೆಯ ಗೋಡೆಗೆ ಹೋಗಿದೆ. ವಾಲ್ಯೂಮ್ ಅವರ ಕೈಯಲ್ಲೇ ಇದೆ, ಯಾವಾಗ ಬೇಕಾದರೂ ಯಾರನ್ನೂ ಕೇಳದೆ ಇಳಿಸುತ್ತಾರೆ. ಹೋದ ಸೆಷನ್‌ನಲ್ಲಿ ಪೂರ್ತಿ ಬಂದ್ ಮಾಡಿದರು. ಆಮೇಲೆ ಒಂದೂವರೆ ಗಂಟೆ ಮಾತಾಡಿದವರಲ್ಲಿ ಅವರೇ ಜಾಸ್ತಿ.